ಸ್ಪಿತಿಯ ಕುರಿಗಳು ಮತ್ತು ನನ್ನ ಕೆಂಪು ಟೋಪಿ

ನನ್ನ ಗಂಡನ ಅಕ್ಕ ಸಿ.ಎಸ್. ಪುರದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ಗೃಹಪ್ರವೇಶಕ್ಕೆ ಇನ್ನು ಮೂರು ವಾರ ಇದೆ ಎನ್ನುವಾಗ ಒಂದು ದಿನ ಬೆಳಿಗ್ಗೆ ಫೋನ್ ಮಾಡಿದರು.

"ಏನ್ಮಾಡ್ತಿದೀಯ?"

"ಕಾಲೇಜಿಗೆ ಹೊರಟಿದೀನಿ ಅಕ್ಕ."

"ಹೊರಡೀವಂತೆ, ಇರು. ಹಾಲ್‌ನಾಗೆ ಟಿವಿ ಎದುರಿಗೆ ಒಂದು ಗೋಡೆ ಖಾಲಿ ಐತೆ. ನನ್ ಸೊಸೆ ಮೊಬೈಲಲ್ಲಿ ಯಾವ್ದೋ ಹಿಮದ ಗುಡ್ಡ ತೋರಿಸ್ತಾ ಅವ್ಳೆ, ಐದಡಿ ಪ್ರಿಂಟ್ ಹಾಕ್ಸಣ ಅಂತ. ಕಂಡೋರ ಗುಡ್ಡ ನಮ್ಮನೇಲಿ ಯಾಕೆ? ನಾವೇ ಹತ್ತಿ ಇಳ್ದಿರೋ ಗುಡ್ಡ ಇಲ್ವಾ? ಫೋಟೋ ಎಲ್ಲಿಟ್ಟಿದೀಯೋ ಹುಡ್ಕು."

ಫೋನ್ ಇಟ್ಟ ಮೇಲೆ ಬಸ್ಸಿಗೆ ಓಡುತ್ತಾ ಲೆಕ್ಕ ಹಾಕಿದೆ. ನಾವಿಬ್ಬರೂ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಿ ಬಂದು ಹದಿನಾರು ವರ್ಷವಾಗಿತ್ತು.

ನಾನು ತುಮಕೂರಿನಲ್ಲಿ ಸಂಸಾರ, ಗುಬ್ಬಿಯಲ್ಲಿ ಕೆಲಸ ಎಂದು ಬದುಕಿದವಳು. ಅಲ್ಲಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಸ್ಪಿತಿಗೆ ಹೋಗಬೇಕು ಎನ್ನುವುದು ನನ್ನ ಹುಚ್ಚು. ಮರವಿಲ್ಲದ, ಮಳೆಯಿಲ್ಲದ, ಎತ್ತ ನೋಡಿದರೂ ಬರೀ ಕಲ್ಲು ಮತ್ತು ಆಕಾಶ ಇರುವ ಆ ಜಾಗದಲ್ಲಿ ಯಾವ ಪ್ರಾಣಿ ಹೇಗೆ ಬದುಕುತ್ತದೆ ಎಂದು ಪುಸ್ತಕದಲ್ಲಿ ಓದಿ ಓದಿ ಕಣ್ಣಾರೆ ನೋಡುವ ಆಸೆ ಹುಟ್ಟಿತ್ತು. ಗಂಡನನ್ನು ಆರು ತಿಂಗಳು ಪೀಡಿಸಿ ಒಪ್ಪಿಸಿದೆ. ರೈಲು ಟಿಕೆಟ್ ಆಯಿತು, ಸ್ವೆಟರ್ ಆಯಿತು, ಸಹೋದ್ಯೋಗಿಯೊಬ್ಬರಿಂದ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಸಾಲ ತಂದದ್ದೂ ಆಯಿತು. ಹೊರಡಲು ಐದು ದಿನ ಇರುವಾಗ ಗಂಡನಿಗೆ ಕಾಮಾಲೆ ಬಂತು.

ತಮ್ಮನನ್ನು ನೋಡಲು ಬಂದ ಅಕ್ಕ, ಮಂಚದ ಮೇಲೆ ಅರಿಶಿನದ ಬೊಂಬೆಯಂತೆ ಮಲಗಿದ್ದ ಅವನನ್ನೂ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ ನನ್ನನ್ನೂ ನೋಡಿದರು. ಹಣೆಯ ವಿಭೂತಿ ಮೇಲೇರುವಂತೆ ಹುಬ್ಬು ಎತ್ತಿ, "ಟಿಕೇಟು ಯಾಕೆ ದಂಡ ಮಾಡೀರಿ? ಅವ್ನ ಬದ್ಲು ನಾನೋಗ್ತೀನಿ ಬುಡು" ಎಂದರು.

ತಮಾಷೆ ಎಂದುಕೊಂಡೆವು. ಅಕ್ಕ ಆಗ ತಿರುಪತಿಯಿಂದ ಆಚೆ ಹೋದವರೇ ಅಲ್ಲ. ಆದರೆ ಒಡಹುಟ್ಟಿದವರ ಹೆಸರಿಗೆ ರೈಲು ಟಿಕೆಟ್ ಬದಲಾಯಿಸಿಕೊಡುತ್ತಾರೆ ಎನ್ನುವುದು ಸ್ಟೇಷನ್ನಿನಲ್ಲಿ ಗೊತ್ತಾಯಿತು. ಮಾವ, ಅಂದರೆ ಅಕ್ಕನ ಗಂಡ, "ಹೋಗ್ಬರ್ಲಿ ಬುಡಮ್ಮ, ತೋಟ ಎಲ್ಲಿಗೋದೀತು" ಎಂದುಬಿಟ್ಟರು. ಮಗನನ್ನು ನೋಡಿಕೊಳ್ಳಲು ನನ್ನ ಅತ್ತೆ ಬಂದರು. ಹೀಗೆ ನಾನು ಗಂಡನ ಬದಲು ಗಂಡನ ಅಕ್ಕನನ್ನು, ಎರಡು ಸೇರು ರಾಗಿ ಹುರಿಹಿಟ್ಟನ್ನು ಮತ್ತು ಒಂದು ಡಬ್ಬ ಬೆಲ್ಲವನ್ನು ಕಟ್ಟಿಕೊಂಡು ಹಿಮಾಲಯಕ್ಕೆ ಹೊರಟೆ.

ಆ ಪ್ರವಾಸದ ಫೋಟೋಗಳು ಎರಡು ಸಿಡಿಗಳಲ್ಲಿದ್ದವು. ಕ್ಯಾಮೆರಾ ವಾಪಸು ಕೊಡುವ ಮುಂಚೆ ತುಮಕೂರಿನ ಒಂದು ಲ್ಯಾಬಿನಲ್ಲಿ ಬರೆಸಿಕೊಂಡಿದ್ದೆ. ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಿಂದ ಅವು ಸಿಕ್ಕವು. ಕವರಿನ ಮೇಲೆ ನನ್ನದೇ ದಪ್ಪ ಅಕ್ಷರದಲ್ಲಿ "ಹಿಮಾಲಯ, ಯಾರೂ ಮುಟ್ಟಬೇಡಿ" ಎಂದು ಬರೆದಿತ್ತು. ನನ್ನ ಮಾತನ್ನು ಮನೆಯವರು ಅಷ್ಟು ಚೆನ್ನಾಗಿ ಪಾಲಿಸಿದ್ದು ಅದೊಂದೇ ಸಲ ಇರಬೇಕು.

ಸಿಡಿ ಸಿಕ್ಕಿತು, ಅದನ್ನು ಹಾಕಲು ಜಾಗ ಸಿಗಲಿಲ್ಲ. ಮಗಳ ಲ್ಯಾಪ್‌ಟಾಪನ್ನು ನಾಲ್ಕು ಕಡೆಯಿಂದಲೂ ತಡವಿದೆ. "ಅಮ್ಮಾ, ಈಗ ಯಾವ್ದ್ರಲ್ಲೂ ಸಿಡಿ ಡ್ರೈವ್ ಇರಲ್ಲ" ಎಂದು ನಕ್ಕಳು. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲೂ ಅದೇ ಕತೆ. ಒಬ್ಬ ಹುಡುಗಿಯಂತೂ ಸಿಡಿಯನ್ನು ಬೆಳಕಿಗೆ ಹಿಡಿದು ಕಾಮನಬಿಲ್ಲು ನೋಡಿ, "ಚೆನ್ನಾಗಿದೆ ಮಿಸ್, ನಾವಿದನ್ನ ಬೈಕಿಗೆ ಕಟ್ತೀವಿ" ಎಂದಳು. ಕೊನೆಗೆ ಅಕ್ಕನೇ ದಾರಿ ತೋರಿಸಿದರು. ಅವರ ಮಗನ ಮದುವೆಯ ಫೋಟೋ ತೆಗೆದವರ ಸ್ಟುಡಿಯೋ ಕುಣಿಗಲ್ಲಿನಲ್ಲಿತ್ತು. ಹಳೆಯ ಮದುವೆಗಳ ಸಿಡಿ ಹಿಡಿದು ಜನ ಈಗಲೂ ಬರುತ್ತಾರೆಂದು ಆತ ಒಂದು ಪುರಾತನ ಕಂಪ್ಯೂಟರನ್ನು ಜೋಪಾನ ಮಾಡಿಟ್ಟಿದ್ದರಂತೆ.

ಒಂದು ಭಾನುವಾರ ನಾನು ತುಮಕೂರಿನಿಂದ, ಅಕ್ಕ ಸಿ.ಎಸ್. ಪುರದಿಂದ ಹೊರಟು ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಸೇರಿದೆವು. ಅಕ್ಕನಿಗೆ ಈಗ ಅರವತ್ತೈದು. ಮಂಡಿ ಸ್ವಲ್ಪ ಕಾಡುತ್ತದೆ, ನಾಲಿಗೆಗೆ ಏನೂ ಆಗಿಲ್ಲ. ಸ್ಟುಡಿಯೋದವರು ನಮ್ಮನ್ನು ಕಂಪ್ಯೂಟರ್ ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಯಂತ್ರ ಗೊರಗೊರ ಎಂದು ಸದ್ದು ಮಾಡಿ ಸಿಡಿಯನ್ನು ನುಂಗಿತು. ಸ್ವಲ್ಪ ಹೊತ್ತು ಯೋಚಿಸಿ ಆರುನೂರು ಚಿಲ್ಲರೆ ಫೋಟೋ ಪರದೆಯ ಮೇಲೆ ಹರವಿತು.

ನನ್ನ ನೆನಪಿನಲ್ಲಿ ಆ ಸಿಡಿಗಳ ತುಂಬ ಹಿಮಶಿಖರಗಳು, ಗರುಡಗಳು, ಪಾತಾಳದಂಥ ಕಣಿವೆಗಳು ಇದ್ದವು. ಪರದೆಯ ಮೇಲೆ ಮೊದಲ ಐವತ್ತು ಫೋಟೋ ದೆಹಲಿ ಸ್ಟೇಷನ್ನಿನದು. ಅದರಲ್ಲಿ ಹನ್ನೊಂದು ನಮ್ಮ ಸೂಟ್‌ಕೇಸಿನದು. ಮುಂದೆ ಬಸ್ಸಿನ ಕಿಟಕಿಯಿಂದ ತೆಗೆದವು. ಬೆಟ್ಟ ಅರ್ಧ, ಮುಂದಿನ ಸೀಟಿನ ಪ್ರಯಾಣಿಕರ ಟೋಪಿ ಅರ್ಧ. ನನ್ನ ಹೆಬ್ಬೆರಳು ಎಷ್ಟು ಕಡೆ ಇತ್ತೆಂದರೆ ಸ್ಟುಡಿಯೋದವರು ವಿನಯದಿಂದಲೇ, "ಮೇಡಂ, ಇದು ಯಾವ ಗುಡ್ಡ, ಕೆಂಪಗಿದೆ?" ಎಂದು ಕೇಳಿದರು.

ಆದರೂ ನಾವಿಬ್ಬರೂ ಕಣ್ಣು ಕೀಳಲಿಲ್ಲ. ಸೀರೆಯ ಮೇಲೆ ಮಾವನ ಸ್ವೆಟರ್, ಕಾಲಿಗೆ ಸಾಕ್ಸ್, ಅದರ ಮೇಲೆ ಹವಾಯಿ ಚಪ್ಪಲಿ ಹಾಕಿ ನದಿಯ ಪಕ್ಕ ನಿಂತ ಅಕ್ಕ. ಬೆಣ್ಣೆ ಉಪ್ಪು ಹಾಕಿದ ಚಹಾ ಕುಡಿದು ಮುಖ ಹಿಂಡಿದ ನಾನು. ಅದೇ ಚಹಾಕ್ಕೆ ಹುರಿಹಿಟ್ಟು ಕಲಸಿ ಉಂಡೆ ಮಾಡಿ ತಿನ್ನುತ್ತಿರುವ ಅಕ್ಕ, ಪಕ್ಕದಲ್ಲಿ ತಾವೂ ಒಂದು ಉಂಡೆ ಹಿಡಿದು ನಗುತ್ತಿರುವ ನಮ್ಮ ಮನೆಯೊಡತಿ. ಕಾಜ಼ಾ ಊರಿನಿಂದ ಇನ್ನೂ ಮೇಲೆ ಒಂದು ಹಳ್ಳಿಯಲ್ಲಿ ಆಕೆಯ ಮನೆಯಲ್ಲಿ ನಾವು ನಾಲ್ಕು ದಿನ ಇದ್ದೆವು. ಮಣ್ಣಿನ ಮನೆ, ಚಪ್ಪಟೆ ಮಾಳಿಗೆ, ಮಾಳಿಗೆಯ ಅಂಚಿಗೆಲ್ಲ ಒಣಗಿದ ಸೌದೆ ಮತ್ತು ಸಗಣಿ. ಆಕೆಗೆ ಕನ್ನಡ ಬಾರದು, ಅಕ್ಕನಿಗೆ ಕನ್ನಡ ಬಿಟ್ಟು ಬೇರೇನೂ ಬಾರದು. ಆದರೂ ಇಬ್ಬರೂ ಬೆರಣಿ ತಟ್ಟುತ್ತಾ ಗಂಟೆಗಟ್ಟಲೆ ಮಾತಾಡಿದ್ದರು. ಏನು ಮಾತಾಡಿದಿರಿ ಎಂದು ಆಗ ಕೇಳಿದ್ದಕ್ಕೆ, "ಅವ್ರ ದನಕ್ಕೆ ಹಾಲು ಕಮ್ಮಿಯಂತೆ, ಅತ್ತೆ ಜೋರಂತೆ" ಎಂದಿದ್ದರು.

"ಬ್ಯಾಟ್ರಿ ನೆನಪೈತಾ?" ಎಂದರು ಅಕ್ಕ.

ನೆನಪಿತ್ತು. ಆ ಚಳಿಗೆ ಕ್ಯಾಮೆರಾದ ಸೆಲ್ಲುಗಳು ಹತ್ತು ಫೋಟೋಗೆ ಸತ್ತುಹೋಗುತ್ತಿದ್ದವು. ಅಕ್ಕ ಅವನ್ನು ಎಲೆ ಅಡಿಕೆ ಚೀಲಕ್ಕೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಟ್ಟೆಗೆ ಕಾವು ಕೊಡುವ ಕೋಳಿಯಂತೆ ಕೂರುತ್ತಿದ್ದರು. ಅರ್ಧ ಗಂಟೆಗೆ ಸೆಲ್ಲು ಮತ್ತೆ ಜೀವ ಹಿಡಿಯುತ್ತಿತ್ತು. ಸುಣ್ಣ ಮಾತ್ರ ಅಂಟಿರುತ್ತಿತ್ತು.

ಇಷ್ಟರಲ್ಲಿ ಆ ಫೋಟೋ ಬಂತು.

ಅದರ ಬಗ್ಗೆ ಮೊದಲು ಹೇಳಬೇಕು. ಸ್ಪಿತಿಯಿಂದ ಬಂದ ವರ್ಷವೇ ತುಮಕೂರಿನಲ್ಲಿ ಅಧ್ಯಾಪಕರಿಗಾಗಿ ಒಂದು ಫೋಟೋ ಸ್ಪರ್ಧೆ ನಡೆದಿತ್ತು. ಲ್ಯಾಬಿನವರು ಎಲ್ಲದರಲ್ಲಿ ಒಳ್ಳೆಯದೊಂದನ್ನು ಆರಿಸಿ ಪ್ರಿಂಟ್ ಹಾಕಿಕೊಟ್ಟಿದ್ದರು. ಬೂದು ಬಣ್ಣದ ಜಾರು ಇಳಿಜಾರು, ಅದರ ಮೇಲೆ ಬೆಳಗಿನ ಬಿಸಿಲು ಅಡ್ಡವಾಗಿ ಬಿದ್ದಿದೆ, ಇಪ್ಪತ್ತಕ್ಕೂ ಹೆಚ್ಚು ಕಾಡುಕುರಿಗಳು ಗೀಟು ಎಳೆದಂತೆ ನಿಂತಿವೆ. ಭರಲ್ ಎನ್ನುವ, ನೀಲಿ ಕುರಿ ಎಂದೂ ಹೆಸರಿರುವ ಪ್ರಾಣಿ. ಅದಕ್ಕೆ ಮೊದಲ ಬಹುಮಾನ ಬಂತು. ಬಹುಮಾನ ಒಂದು ಹಾಟ್‌ಬಾಕ್ಸ್. ಫೋಟೋಗೆ ಕಟ್ಟು ಹಾಕಿಸಿ ನಮ್ಮ ಕಾಲೇಜಿನ ಮೊಗಸಾಲೆಯಲ್ಲಿ, ಕೆಳಗೆ ನನ್ನ ಹೆಸರಿನೊಂದಿಗೆ ತೂಗುಹಾಕಿದರು.

ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ನಾನು ಅದರ ಕೆಳಗೆ ನಿಂತು ಕತೆ ಹೇಳುತ್ತಿದ್ದೆ. ಹಬ್ಬ, ಮದುವೆಗಳಲ್ಲಿ ನೆಂಟರ ಮುಂದೆಯೂ ಅದೇ ಕತೆ. ಹೇಗೆ ಸೂರ್ಯ ಹುಟ್ಟುವ ಮೊದಲೇ ಎದ್ದು ಒಬ್ಬಳೇ ಬೆಟ್ಟ ಹತ್ತಿದೆ, ಹೇಗೆ ಎರಡು ಗಂಟೆ ಅಲ್ಲಾಡದೆ ಕೂತೆ, ಹೇಗೆ ಕುರಿಗಳು ನನ್ನನ್ನು ಕಲ್ಲೆಂದು ನಂಬಿದವು. ಮೊದಲ ವರ್ಷ ಅರ್ಧ ಗಂಟೆ ಕೂತಿದ್ದೆ. ಎರಡು ಗಂಟೆಯಾಗಲು ಆರೇಳು ವರ್ಷ ಹಿಡಿಯಿತು.

ಸ್ಟುಡಿಯೋದವರು ಆ ಫೋಟೋವನ್ನು ಪೂರ್ತಿ ತೆರೆದರು. ಪ್ರಿಂಟಿನಲ್ಲಿದ್ದಕ್ಕಿಂತ ಅದು ತುಂಬ ಅಗಲವಾಗಿತ್ತು. ಲ್ಯಾಬಿನವರು ಅಂಚುಗಳನ್ನು ಕತ್ತರಿಸಿದ್ದರು ಎನ್ನುವುದು ನನಗೆ ಆಗಲೇ ಗೊತ್ತಾದದ್ದು. ಎಡಗಡೆ ಕೆಳಗೆ ನಾವಿದ್ದ ಮನೆಯ ಮಾಳಿಗೆ ಕಾಣುತ್ತಿತ್ತು, ಅದರ ಮೇಲೆ ಒಂದು ಕೆಂಪು ಚುಕ್ಕೆ. ಬಲಗಡೆ ಕಲ್ಲುಗಳ ಮೇಲೆ ಫೋಟೋ ತೆಗೆದವರ ಉದ್ದನೆಯ ನೆರಳು ಬಿದ್ದಿತ್ತು.

ನೆರಳು ಸೀರೆ ಉಟ್ಟಿತ್ತು. ತಲೆಗೆ ಸೆರಗು ಹೊದ್ದಿತ್ತು.

ನಾನು ಆ ಪ್ರವಾಸದಲ್ಲಿ ಒಂದು ದಿನವೂ ಸೀರೆ ಉಟ್ಟಿರಲಿಲ್ಲ.

"ಆ ಕೆಂಪು ಚುಕ್ಕೇನ ದೊಡ್ಡದು ಮಾಡಿ" ಎಂದೆ. ಸ್ಟುಡಿಯೋದವರು ದೊಡ್ಡದು ಮಾಡಿದರು. ಕೆಂಪು ಮಂಕಿ ಟೋಪಿ. ಟೋಪಿಯ ಕೆಳಗೆ ನಾನು. ಮಾಳಿಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಒಂದು ಬಕೀಟು ತಬ್ಬಿಕೊಂಡು, ಅದರೊಳಗೆ ಮುಖ ಇಟ್ಟಿದ್ದೆ.

ಆಗ ಆ ಬೆಳಗು ಒಂದೇ ಸಲ ವಾಪಸು ಬಂತು. ಅಷ್ಟು ಎತ್ತರದ ಗಾಳಿ ನನಗೆ ಹಿಡಿಸಿರಲಿಲ್ಲ. ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದರೆ ದೇಹಕ್ಕೆ ಏನೇನಾಗುತ್ತದೆ ಎಂದು ದಾರಿಯುದ್ದ ಅಕ್ಕನಿಗೆ ಪಾಠ ಮಾಡಿದ್ದೆ. ಅವೆಲ್ಲವೂ ಪಟ್ಟಿ ಹಿಡಿದು ಒಂದೊಂದಾಗಿ ನನಗೇ ಆಗಿದ್ದವು. ಒಂದೂವರೆ ದಿನ ಬಕೀಟು ಬಿಟ್ಟು ಮೇಲೇಳಲಿಲ್ಲ. ಮಾರನೆಯ ದಿನ ಕಾಲಿಗೆ ಬಲ ಬಂದಾಗ ನಾನೂ ಮೇಲೆ ಹತ್ತಿ ಅದೇ ಕುರಿಗಳನ್ನು ತೆಗೆದದ್ದು ನಿಜ. ಆ ಫೋಟೋಗಳೂ ಮುಂದೆ ಇದ್ದವು. ಎಂಟು ಫೋಟೋದಲ್ಲಿ ಎಂಟರಲ್ಲೂ ಕುರಿಗಳ ಬೆನ್ನು ಮಾತ್ರ, ಅದೂ ಓಡುವಾಗ.

ಅದು ನನ್ನ ಫೋಟೋ ಅಲ್ಲ ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ ಎಂದರೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬಹುಮಾನ ಬಂದ ಮೇಲೆ ಯಾರು ಕೂತು ವಿಚಾರಣೆ ಮಾಡುತ್ತಾರೆ?

"ಅಕ್ಕಾ, ಇದನ್ನ ತೆಗೆದಿದ್ದು ನೀವು" ಎಂದೆ.

"ಹೂಂ ಕಣೇ. ಆ ಯಮ್ಮ ಬೆಳಿಗ್ಗೆ ಸಗಣಿ ಆಯಕ್ಕೆ ಕರ್ಕೊಂಡೋಗಿದ್ಲು. ಕ್ಯಾಮ್ರಾ ನನ್ನ ಸೊಂಟದಾಗೇ ಇತ್ತು, ಬ್ಯಾಟ್ರಿ ಬೆಚ್ಚಗಿರ್ಲಿ ಅಂತ. ಕುರಿ ಕಂಡ್ವು. ಒತ್ದೆ." ಅಕ್ಕ ನನ್ನ ಕಡೆ ತಿರುಗಿದರು. "ಯಾಕೆ, ನಿಂಗೊತ್ತಿರ್ನಿಲ್ವಾ?"

"ನಾನು ಎಲ್ಲರ ಮುಂದೆ ಅಷ್ಟು ಸಲ ಹೇಳ್ತಿದ್ದೆನಲ್ಲ. ಎರಡು ಗಂಟೆ ಅಲ್ಲಾಡದೆ ಕೂತಿದ್ದೆ ಅಂತ. ನೀವ್ಯಾಕೆ ಸುಮ್ನಿದ್ರಿ?"

"ಅದ್ರಾಗೆ ಸುಳ್ಳೇನೈತೆ? ಅಲ್ಲಾಡ್ದೇನೇ ಕೂತಿದ್ದೆ. ಬಕೀಟ್ ಹಿಡ್ಕೊಂಡು."

ಸ್ಟುಡಿಯೋದವರು ಎದ್ದು ಹೊರಗೆ ಹೋದರು. ಬಾಗಿಲಾಚೆ ಅವರು ನಗುವುದು ಕೇಳಿಸಿತು. ನನಗೂ ನಗು ಬಂತು, ಅದರ ಹಿಂದೆಯೇ ಕಣ್ಣಿಗೂ ಏನೋ ಬಂತು. ಅಕ್ಕ ಸೆರಗಿನ ತುದಿ ಚಾಚಿದರು.

ಆತ ಒಳಗೆ ಬಂದು ಗಂಭೀರವಾಗಿ ಕೂತು, "ಮೇಡಂ, ಈ ನೆರಳು ತೆಗೆದುಬಿಡ್ಲಾ? ಎರಡು ನಿಮಿಷದ ಕೆಲ್ಸ. ಆ ಕೆಂಪು ಚುಕ್ಕೇನೂ ಒರೆಸಿಬಿಡ್ತೀನಿ. ಜಾಗ ಖಾಲಿ ಕಾಣುತ್ತೆ ಅಂದ್ರೆ ಒಂದು ಜೋಡಿ ಹಂಸ ಹಾಕ್ಕೊಡ್ತೀನಿ. ಗೃಹಪ್ರವೇಶಕ್ಕೆ ಎಲ್ರೂ ಹಂಸ ಕೇಳ್ತಾರೆ" ಎಂದರು.

"ಆ ಗುಡ್ಡದಾಗೆ ನೀರೇ ಇಲ್ಲ, ನಿನ್ ಹಂಸ ಏನ್ ಕುಡಿಯುತ್ತಪ್ಪ?" ಎಂದರು ಅಕ್ಕ. "ಏನೂ ತೆಗೀಬ್ಯಾಡ. ಅವ್ಳೂ ಇರ್ಲಿ, ನಾನೂ ಇರ್ಲಿ. ಅಷ್ಟೇ ಹಾಕು."

ಪ್ರಿಂಟಿಗೆ ಹೇಳಿ ಹೊರಬಂದು ಹೋಟೆಲಿನಲ್ಲಿ ಕಾಫಿಗೆ ಕೂತೆವು. ನನಗೆ ಸಮಾಧಾನವಿರಲಿಲ್ಲ. "ನಿಜ ಹೇಳಿ ಅಕ್ಕ, ಒಂದು ದಿನವೂ ಬೇಜಾರಾಗ್ಲಿಲ್ವಾ?" ಎಂದು ಕೇಳಿದೆ.

ಅಕ್ಕ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಹುಯ್ದು ಆರಿಸಿಕೊಂಡರು. "ಒಂದ್ಸಲ ಆಗಿತ್ತು. ನಮ್ಮ ಪಕ್ಕದ ಮನೆ ಹುಡ್ಗೀನ ನಿಮ್ ಕಾಲೇಜಿಗೆ ಸೇರ್ಸಕ್ಕೆ ಅವ್ರ ಜೊತೆ ಬಂದಿದ್ದೆ. ನೀನು ಅವತ್ತು ರಜ. ಗೋಡೆ ಮ್ಯಾಲೆ ನನ್ ಕುರಿ ನಿಂತಿದ್ವು. ಹೆಂಗವೆ ನೋಡು ಅಂದ್ಕೊಂಡೆ. ಆಮೇಲೆ ಪಕ್ಕದ್ಮನೆಯೋಳು ಕೆಳಗೆ ಬರ್ದಿದ್ದ ಓದಿ, ನಿಮ್ ತಮ್ಮನ ಹೆಂಡ್ತಿ ಎಂಥ ಗಟ್ಟಿಗಿತ್ತಿ ಅಂದ್ಲು. ಹೂಂ ಅಂದೆ. ಬಸ್ಸಲ್ಲಿ ಬರ್ತಾ ಸಿಟ್ಟು ಬಂತು ಕಣೇ. ಊರಿನ ಸ್ಟಾಪ್ ಬರೋವರ್ಗೂ ಇತ್ತು. ಇಳ್ದು ಮನೆಗೋದ್ರೆ ಹಸ ಈಯಕ್ಕೆ ನಿಂತಿತ್ತು. ಅದ್ರಾಗೆ ಮರ್ತೇಹೋಯ್ತು."

ಅವರು ಮರೆತಿದ್ದರು. ನಾನು ಆ ಸಿಟ್ಟನ್ನು ಹೊತ್ತುಕೊಂಡು ತುಮಕೂರಿಗೆ ಬಂದೆ.

ಸೋಮವಾರ ಬೆಳಿಗ್ಗೆ ಪ್ರಾಂಶುಪಾಲರ ಕೋಣೆಗೆ ಹೋಗಿ ವಿಷಯ ಹೇಳಿದೆ. ಅವರು ನನಗಿಂತ ಹದಿನೈದು ವರ್ಷ ಚಿಕ್ಕವರು. "ಬಿಡಿ ಮೇಡಂ, ಈಗ ಯಾರು ನೋಡ್ತಾರೆ ಅದನ್ನ" ಎಂದರು. ಆ ಮಾತು ನನ್ನ ತಪ್ಪಿಗಿಂತ ಹೆಚ್ಚು ನೋಯಿಸಿತು. ನಾನೇ ಸ್ಟೂಲು ಹತ್ತಿ ಹಳೆಯ ಚೀಟಿ ಕೆರೆದು ತೆಗೆದೆ. ಹೊಸ ಚೀಟಿಯಲ್ಲಿ ಅಕ್ಕನ ಹೆಸರು, ಊರು, ಹೆಸರಿನ ಕೆಳಗೆ "ಕೃಷಿಕರು" ಎಂದು ಬರೆದು ಅಂಟಿಸಿದೆ. ಆ ಮಧ್ಯಾಹ್ನ ಎರಡನೆಯ ಪಿಯುಸಿ ಮಕ್ಕಳನ್ನು ಅದರ ಕೆಳಗೆ ನಿಲ್ಲಿಸಿ ಬಕೀಟಿನ ಕತೆಯನ್ನು ಹೇಳಿದೆ. ಇಷ್ಟು ವರ್ಷದಲ್ಲಿ ಆ ಫೋಟೋದ ಕೆಳಗೆ ಮಕ್ಕಳು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು. ಉನ್ನತ ಪ್ರದೇಶದ ಕಾಯಿಲೆಯ ಲಕ್ಷಣಗಳನ್ನು ಆ ವರ್ಷ ಒಬ್ಬರೂ ಪರೀಕ್ಷೆಯಲ್ಲಿ ತಪ್ಪು ಬರೆಯಲಿಲ್ಲ.

ಹಾಟ್‌ಬಾಕ್ಸ್ ಒಂದು ಉಳಿದಿತ್ತು. ಅದನ್ನು ಚೆನ್ನಾಗಿ ಬೆಳಗಿ, ಗೃಹಪ್ರವೇಶದ ಹಿಂದಿನ ದಿನ ಅಕ್ಕನ ಕೈಗೆ ಕೊಟ್ಟೆ. ಅವರು ಮುಚ್ಚಳ ತಿರುಗಿಸಿ ನೋಡಿ, "ಸಡ್ಲ ಆಗೈತೆ. ಹದಿನಾರು ವರ್ಷ ಚಪಾತಿ ಹಾಕ್ಕೊಂಡು ತಿಂದು ಈಗ ತಂದ್ಯಾ" ಎಂದು ಬೈದು, ತೆಗೆದುಕೊಂಡು ಹೋಗಿ ಒಳಗಿಟ್ಟರು.

ಗೃಹಪ್ರವೇಶದ ದಿನ ಐದಡಿಯ ಫೋಟೋ ಟಿವಿಯ ಎದುರು ಗೋಡೆಯಲ್ಲಿ ರಾರಾಜಿಸುತ್ತಿತ್ತು. ಬೆಳಿಗ್ಗೆ ಮಠದ ಸ್ವಾಮಿಗಳ ಪಾದಪೂಜೆ ಮುಗಿದ ಮೇಲೆ ಊಟಕ್ಕೆ ಕಾಯುವವರೆಲ್ಲ ಅದರ ಮುಂದೆಯೇ ಗುಂಪು ಕೂಡಿದರು. ಕೋರದಿಂದ ಬಂದ ನೆಂಟರೊಬ್ಬರು ಇದು ದೇವರಾಯನದುರ್ಗದ ಹಿಂಭಾಗ ಎಂದು ಪಟ್ಟು ಹಿಡಿದರು. ಸೊಸೆಗೆ ಮೊದಲು ತನ್ನ ಗುಡ್ಡ ಹೋಯಿತಲ್ಲ ಎಂದು ಮುನಿಸಿತ್ತು. ಬಂದವರಿಗೆಲ್ಲ ಕೆಂಪು ಚುಕ್ಕೆ ತೋರಿಸುವ ಕೆಲಸ ಸಿಕ್ಕ ಮೇಲೆ ಅವಳೂ ಸರಿಹೋದಳು. "ಇದು ನಮ್ಮತ್ತೆ ನೆರಳು. ಇಲ್ಲಿ ವಾಂತಿ ಮಾಡ್ಕೊಳ್ತಾ ಇರೋರು ನಮ್ಮ ಚಿಕ್ಕತ್ತೆ, ಅಲ್ಲಿ ಹಸಿರು ಸೀರೇಲಿ ಪಾಯಸ ಬಡಿಸ್ತಾ ಇದಾರಲ್ಲ, ಅವ್ರೇ." ಎಲ್ಲರೂ ಒಮ್ಮೆ ಗೋಡೆ ನೋಡುವುದು, ಒಮ್ಮೆ ನನ್ನನ್ನು ನೋಡುವುದು. ಪಾಯಸ ಹಾಕಿಸಿಕೊಳ್ಳಲು ಒಂದಿಬ್ಬರು ಹಿಂದೆ ಮುಂದೆ ನೋಡಿದರು.

ಊಟದ ಹೊತ್ತು ಮುಗಿಯುತ್ತಾ ಬಂದಾಗ ಹುತ್ರಿದುರ್ಗದ ಕಡೆಯ ಒಬ್ಬ ಹಿರಿಯರು ಆ ಫೋಟೋದ ಮುಂದೆ ಬಂದು ನಿಂತರು. ಮಾವನ ಸ್ನೇಹಿತರು, ಬೆಟ್ಟದ ಬುಡದಲ್ಲಿ ಜೀವನವಿಡೀ ಕುರಿ ಮೇಯಿಸಿದವರು. ಅವರು ನೆರಳನ್ನಾಗಲಿ ಕೆಂಪು ಚುಕ್ಕೆಯನ್ನಾಗಲಿ ನೋಡಲಿಲ್ಲ. ಕುರಿಗಳನ್ನೇ ಒಂದೊಂದಾಗಿ ನೋಡುತ್ತಾ ಹೋದರು. ಕೊನೆಗೆ ಅಕ್ಕನನ್ನು ಕರೆದರು.

"ತಾಯಿ, ಇವು ಯಾವೂ ಮೇಯ್ತಾ ಇಲ್ವಲ್ಲ."

"ಯಾಕಣ್ಣ?"

"ನೋಡು, ಎಲ್ಲಾವೂ ಕಿವಿ ನೆಟ್ಗೆ ಮಾಡ್ಕೊಂಡು ಒಂದೇ ಕಡೀಕೆ ನೋಡ್ತಾ ಅವೆ. ಅಗೋ, ಮ್ಯಾಲೆ, ಆ ಬಂಡೆ ತಾವ. ಅಲ್ಲೇನೋ ಐತೆ."

ಬಡಿಸುವ ಪಾತ್ರೆ ಕೆಳಗಿಟ್ಟು ನಾನೂ ಓಡಿದೆ. ಹದಿನಾರು ವರ್ಷ ಆ ಫೋಟೋದ ಕೆಳಗೆ ನಿಂತು ಪಾಠ ಮಾಡಿದವಳಿಗೆ ಇದು ಹೊಳೆದೇ ಇರಲಿಲ್ಲ. ಕುರ್ಚಿ ತಂದು ಹತ್ತಿ, ಕನ್ನಡಕ ಏರಿಸಿ ನೋಡಿದೆ. ಇಳಿಜಾರಿನ ನೆತ್ತಿಯಲ್ಲಿ ಬೂದು ಬಂಡೆಗಳ ನಡುವೆ ಇನ್ನೊಂದು ಬೂದು ಬಂಡೆ ಇತ್ತು. ಉಳಿದವಕ್ಕಿಂತ ಸ್ವಲ್ಪ ದುಂಡಗೆ, ಮೇಲೆ ಎರಡು ಸಣ್ಣ ಮೊನೆ. ಕಿವಿಯೂ ಆಗಿರಬಹುದು, ಕಲ್ಲಿನ ಮೂಲೆಯೂ ಆಗಿರಬಹುದು. ಹಿಮಚಿರತೆ ಅದೇ ಬಣ್ಣದ್ದು, ಅದೇ ಕುರಿಗಳನ್ನು ತಿಂದು ಅದೇ ಬೆಟ್ಟಗಳಲ್ಲಿ ಬದುಕುವಂಥದ್ದು. ಅದನ್ನು ಹುಡುಕಿಕೊಂಡು ಹೋದವರು ತಿಂಗಳುಗಟ್ಟಲೆ ಕಾದು ಬರಿಗೈಯಲ್ಲಿ ಬಂದದ್ದನ್ನು ಓದಿದ್ದೆ. ನನ್ನ ಎದೆ ಆ ಬೆಟ್ಟ ಹತ್ತಿದ ದಿನದಂತೆಯೇ ಹೊಡೆದುಕೊಂಡಿತು.

"ಕಲ್ಲು ಅನ್ಸುತ್ತೆ ಅಕ್ಕ. ಖಂಡಿತ ಹೇಳಕ್ಕಾಗಲ್ಲ" ಎಂದೆ.

ಹಿರಿಯರು ತಲೆಯಾಡಿಸಿದರು. "ಕಲ್ಲು ನೋಡ್ಕೊಂಡು ಯಾವ ಕುರಿ ಮೇಯಾದ್ ಬುಡ್ತದವ್ವ?"

ಅಕ್ಕ ಒಂದು ಕ್ಷಣ ನನ್ನನ್ನೂ ಅವರನ್ನೂ ನೋಡಿದರು. ಅಷ್ಟರಲ್ಲಿ ಗುಬ್ಬಿಯಿಂದ ಬಂದ ಇನ್ನೊಂದು ನೆಂಟರ ಗುಂಪು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿತ್ತು. ಅಕ್ಕ ಸೆರಗು ಸರಿಮಾಡಿಕೊಂಡು ಅವರ ಕಡೆ ನಡೆದರು. "ಬನ್ನಿ ಬನ್ನಿ, ಊಟ ಆಮೇಲೆ. ಮೊದ್ಲು ಇಲ್ನೋಡಿ. ನಾನು ಹಿಮಾಲಯದಾಗೆ ಚಿರತೆ ಎದುರಿಗೆ ನಿಂತು ತೆಗ್ದಿದ್ದು."

ನಾನು ಕುರ್ಚಿಯಿಂದ ಇಳಿದೆ. ತಿದ್ದುವ ಅಧಿಕಾರ ಆ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದು ನನಗಂತೂ ಇರಲಿಲ್ಲ.